ಗದ್ದಕ್ಕೆ ಕೊರೊನಾ ಬರುವುದಿಲ್ಲ, ಸ್ವಾಮಿ

ಕೊರೊನಾ ಕಾಲದಲ್ಲಿ ಹಾಸನ ಜಿಲ್ಲೆಯ ಜನ ಮಾಸ್ಕ್ ಹಾಕಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಕಿದ್ದರು. ಎಲ್ಲರೂ ಹಾಕಿದ್ದರು. ಗದ್ದಕ್ಕೆ ಹಾಕಿದ್ದರು. ಕೊರಳಿಗೆ ಹಾಕಿದ್ದರು. ಒಂದು ಕಿವಿಗೆ ನೇತು ಹಾಕಿದ್ದರು. ಬೈಕಿನ ಹ್ಯಾಂಡಲಿಗೆ, ಹೆಲ್ಮೆಟ್ಟಿನ ಪಕ್ಕದಲ್ಲೇ, ಸಿಕ್ಕಿಸಿದ್ದರು. ಮೂಗು ಬಾಯಿ ಎರಡನ್ನು ಬಿಟ್ಟು ಮೈಮೇಲೆ ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಹಾಕಿದ್ದರು.

ಎನ್.ಆರ್. ವೃತ್ತದಲ್ಲಿ ಪೊಲೀಸಪ್ಪ ಕಂಡರೆ ಸಾಕು, ಗದ್ದದ ಬಟ್ಟೆ ಮೂಗಿಗೆ ಏರುತ್ತಿತ್ತು. ನಾಲ್ಕು ಹೆಜ್ಜೆ ದಾಟಿದರೆ ಇಳಿಯುತ್ತಿತ್ತು. ಮಹಾವೀರ ವೃತ್ತದಲ್ಲಿ ಮತ್ತೆ ಏರುತ್ತಿತ್ತು. ವೈರಸ್ಸು ಖಾಕಿ ಬಟ್ಟೆ ತೊಟ್ಟು, ಕೈಯಲ್ಲಿ ರಸೀದಿ ಪುಸ್ತಕ ಹಿಡಿದು, ವೃತ್ತಗಳಲ್ಲಿ ಮಾತ್ರ ನಿಲ್ಲುತ್ತದೆ ಎಂದು ನಮ್ಮ ಜನ ಪ್ರಾಮಾಣಿಕವಾಗಿ ನಂಬಿದ್ದರು.

ನಾವು ರೋಗಕ್ಕೆ ಹೆದರಲಿಲ್ಲ. ರಸೀದಿಗೆ ಹೆದರಿದೆವು. ಯಾರಿಗೆ ರಸೀದಿ ಹರಿಯುವ ಧೈರ್ಯ ಯಾವ ಪೊಲೀಸರಿಗೂ ಇರಲಿಲ್ಲವೋ ಅವರು ಹೆದರಲೇ ಇಲ್ಲ. ಆ ಎರಡು ವರ್ಷಗಳ ಚರಿತ್ರೆ ಇಷ್ಟೇ. ಉಳಿದದ್ದೆಲ್ಲ ವಿವರ. ಆದರೆ ವಿವರಗಳು ಬಹಳ ರುಚಿಯಾಗಿವೆ.

2020ರ ಏಪ್ರಿಲ್. ಹಾಸನ ಹಸಿರು ವಲಯ. ಒಂದೂ ಪ್ರಕರಣವಿಲ್ಲ. ಹಳ್ಳಿ ಹಳ್ಳಿಗಳಲ್ಲಿ ಊರ ಬಾಗಿಲಿಗೆ ಮುಳ್ಳು ಬಿತ್ತು. ಕೆಲವು ಕಡೆ ರಸ್ತೆಗೆ ಅಡ್ಡಲಾಗಿ ಗುಂಡಿ ತೋಡಿದರು. ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂದು ಬೋರ್ಡು ಬರೆದರು. ಬೇಲಿ ಕಟ್ಟಿದ ಹುಡುಗರು ಬೇಲಿಯ ಈಚೆ ಮರದಡಿ ಕೂತು, ಭುಜಕ್ಕೆ ಭುಜ ತಾಗಿಸಿ, ಒಂದೇ ಮೊಬೈಲಿನಲ್ಲಿ ಸಿನಿಮಾ ನೋಡಿದರು. ಊರಿಗೆ ಕಟ್ಟಲು ಗಾಡಿಗಟ್ಟಲೆ ಮುಳ್ಳಿತ್ತು. ಮೂಗಿಗೆ ಕಟ್ಟಲು ಗೇಣುದ್ದ ಬಟ್ಟೆ ಇರಲಿಲ್ಲ.

ಮೇ 12ರಂದು ಜಿಲ್ಲೆಯ ಮೊದಲ ಐದು ಪ್ರಕರಣಗಳು ಬಂದವು. ಮುಂಬಯಿಯಿಂದ ಚನ್ನರಾಯಪಟ್ಟಣಕ್ಕೆ ಬಂದವರು. ಆ ತಾಲೂಕಿನಿಂದ ಮುಂಬಯಿಗೆ ದುಡಿಯಲು ಹೋದವರು ಒಬ್ಬಿಬ್ಬರಲ್ಲ. ಅವರು ಕಳಿಸಿದ ದುಡ್ಡಿನಲ್ಲಿ ಊರಿನ ಗುಡಿಗೆ ಗೋಪುರ ಎದ್ದಿದೆ, ಮನೆಗಳಿಗೆ ತಾರಸಿ ಬಂದಿದೆ. ದುಡ್ಡು ಬರುವಾಗ ಅವರು ‘ನಮ್ಮ ಊರಿನವರು’. ಕೆಮ್ಮಿಕೊಂಡು ಬಂದಾಗ ‘ಬಾಂಬೆಯವರು’.

“ನಮ್ಮೂರಲ್ಲಿ ಎಲ್ಲೈತೆ ಸಾರ್ ಕೊರೊನಾ? ಅದೇನಿದ್ರೂ ಬಾಂಬೆಯೋರಿಗೆ.” ಇದು ಆ ದಿನಗಳ ಮಂತ್ರ. ಸಂತೆಯಲ್ಲಿ, ಡೇರಿಯಲ್ಲಿ, ಸೊಸೈಟಿಯ ಸಾಲಿನಲ್ಲಿ ಇದೇ ಮಂತ್ರ. ಹೇಳುವವನ ಬಾಯಿ ಪೂರ್ತಿ ತೆರೆದಿರುತ್ತಿತ್ತು. ಕೇಳುವವನ ಬಾಯಿಯೂ.

ಅರಕಲಗೂಡಿನ ಕಡೆಯ ಒಂದು ಟೀ ಅಂಗಡಿ. ಬಾಗಿಲ ಪಕ್ಕ ಒಂದು ಮೊಳೆ. ಮೊಳೆಯಲ್ಲಿ ಒಂದು ನೀಲಿ ಮಾಸ್ಕ್. ಯಾರದು ಎಂದರೆ ಎಲ್ಲರದು. ಬ್ಯಾಂಕಿಗೆ ಹೋಗುವವನು ಅದನ್ನು ಏರಿಸಿಕೊಂಡು ಹೋಗುತ್ತಾನೆ, ಬಂದು ಮೊಳೆಗೆ ಹಾಕುತ್ತಾನೆ. ತಾಲೂಕು ಕಚೇರಿಗೆ ಹೊರಟವನು ಅದನ್ನೇ ಕಿವಿಗೆ ಸಿಕ್ಕಿಸುತ್ತಾನೆ. “ಇದು ನಿಂದೇನಪ್ಪಾ?” ಎಂದರೆ, “ಇಲ್ಲ ಸಾರ್, ಅಂಗಡೀದು. ಇಲ್ದಿದ್ರೆ ಬ್ಯಾಂಕಲ್ಲಿ ಒಳೀಕ್ ಬಿಡಲ್ವಲ್ಲ” ಎನ್ನುತ್ತಾನೆ. ಸಹಕಾರ ತತ್ವ ಇಷ್ಟು ಆಳಕ್ಕೆ ಬೇರು ಬಿಟ್ಟದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಹಾಲಿಗೆ ಒಕ್ಕೂಟ ಕಟ್ಟಿದ ಜಿಲ್ಲೆ, ಜೊಲ್ಲಿಗೂ ಒಂದು ಕಟ್ಟಿಕೊಂಡಿತು.

ಹೊಳೆನರಸೀಪುರದ ಬಸ್ಸು. “ಮಾಸ್ಕ್ ಹಾಕ್ರೀ, ಇಲ್ಲಾಂದ್ರೆ ಇಳೀರಿ” ಎಂದು ಕಂಡಕ್ಟರು ಕೂಗುತ್ತಾರೆ. ಕೂಗು ಕೇಳಿಸಲಿ ಎಂದು ತಮ್ಮದನ್ನು ಕೆಳಗೆ ಎಳೆದುಕೊಂಡು ಕೂಗುತ್ತಾರೆ. ನೋಟು ಎಣಿಸಲು ಬೆರಳನ್ನು ನಾಲಿಗೆಗೆ ಒತ್ತುತ್ತಾರೆ. ಆ ನೋಟನ್ನೇ ಚಿಲ್ಲರೆ ಎಂದು ನನ್ನ ಕೈಗೆ ಇಡುತ್ತಾರೆ. ಪಕ್ಕದ ಸೀಟಿನ ಹಿರಿಯರು ಮಾಸ್ಕನ್ನು ಬಿಗಿಯಾಗಿ ಕಟ್ಟಿಕೊಂಡಿದ್ದಾರೆ. ಸೀನು ಬರುತ್ತದೆ. ಅವಸರದಿಂದ ಮಾಸ್ಕ್ ಇಳಿಸುತ್ತಾರೆ, ಇಡೀ ಬಸ್ಸಿಗೆ ಕೇಳುವಂತೆ ಸೀನುತ್ತಾರೆ, ಮತ್ತೆ ಏರಿಸುತ್ತಾರೆ. ಕೇಳಿದರೆ, “ಹೊಸಾದು ಕಣಪ್ಪ, ಗಲೀಜಾಗ್ತದೆ.” ಮಾಸ್ಕ್ ಕೊಳೆಯಾಗಬಾರದು. ಪಕ್ಕದವನು ಆದರೆ ಪರವಾಗಿಲ್ಲ.

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಕಡೆ ಫುಟ್‌ಪಾತಿನ ಮೇಲೆ ಮಾಸ್ಕ್ ರಾಶಿ. ಹೂವಿನದು, ಹುಲಿ ಪಟ್ಟೆಯದು, ಪಕ್ಷದ ಚಿಹ್ನೆಯದು. ಚಪ್ಪಲಿ ಅಂಗಡಿಯಲ್ಲಿ ಕಾಲು ತೂರಿಸಿ ನೋಡುವ ಹಾಗೆ ಗಿರಾಕಿ ಒಂದೊಂದನ್ನೇ ಮೂಗಿಗೇರಿಸಿ, ಕನ್ನಡಿ ನೋಡಿ, ‘ಟೈಟು’ ಎಂದು ವಾಪಸು ಇಡುತ್ತಾನೆ. ಹಿಂದಿನವನು ಅದನ್ನೇ ಎತ್ತಿಕೊಳ್ಳುತ್ತಾನೆ. ಎರಡು ಪದರದ ಮಾಸ್ಕಿಗೆ 8 ರೂಪಾಯಿ, ಮೂರು ಪದರದ್ದಕ್ಕೆ 10 ರೂಪಾಯಿ ಮೀರಬಾರದು ಎಂದು ಕೇಂದ್ರ ಸರ್ಕಾರ 2020ರ ಮಾರ್ಚ್‌ನಲ್ಲೇ ದರ ಕಟ್ಟಿತ್ತು. ರೋಗವನ್ನು ಮಾತ್ರ ಇಲ್ಲಿ ಉಚಿತವಾಗಿ ಸೇರಿಸಿ ಕೊಡುತ್ತಿದ್ದರು.

ಇನ್ನು ಓದಿದವರು. ಅವರು ಎನ್-95 ಹಾಕಿದರು. ಅದರಲ್ಲೂ ಮುಂದೆ ಗುಂಡಗಿನ ಕವಾಟ ಇರುವಂಥದ್ದು. ದುಬಾರಿ, ಗಂಭೀರ, ಫೋಟೋಕ್ಕೆ ಚೆನ್ನ. ಮಾಸ್ಕ್ ಒಳಗೆ ಬರುವ ಗಾಳಿಯನ್ನು ಸೋಸುತ್ತದೆ, ಆ ಕವಾಟ ಹೊರಗೆ ಹೋಗುವ ಉಸಿರನ್ನು ಹಾಗೆಯೇ ಬಿಡುತ್ತದೆ. ಅಂದರೆ ನನ್ನ ರಕ್ಷಣೆ ನನಗೆ, ನನ್ನ ರೋಗ ನಿಮಗೆ. ಇದು ಬೇಡ ಎಂದು ಕೇಂದ್ರದ ಆರೋಗ್ಯ ಇಲಾಖೆ 2020ರ ಜುಲೈನಲ್ಲಿ ರಾಜ್ಯಗಳಿಗೆ ಪತ್ರ ಬರೆಯಿತು. ಕವಾಟದವರು ಪತ್ರ ಓದಲಿಲ್ಲ. ಅವರ ಸ್ವಭಾವಕ್ಕೆ ಅಷ್ಟು ಚೆನ್ನಾಗಿ ಹೊಂದುವ ವಸ್ತು ಅದಕ್ಕೆ ಮುಂಚೆ ಮಾರುಕಟ್ಟೆಗೆ ಬಂದಿರಲಿಲ್ಲ.

ಜನರನ್ನು ಬೈದದ್ದು ಸಾಕು. ಜನ ಯಾರನ್ನು ನೋಡಿ ಕಲಿತರು ಎಂಬುದನ್ನೂ ನೋಡೋಣ.

2020ರ ಮಾರ್ಚ್ ಎರಡನೇ ವಾರ. ದೇಶದ ಮೊದಲ ಕೊರೊನಾ ಸಾವು ನಮ್ಮದೇ ಕಲಬುರಗಿಯಲ್ಲಿ. ಅದ್ದೂರಿ ಮದುವೆಗಳು ಬೇಡ ಎಂದು ಸರ್ಕಾರ ಆದೇಶ ಹೊರಡಿಸಿತು. ಆದೇಶದ ಮಸಿ ಆರುವ ಮುಂಚೆ, ಮಾರ್ಚ್ 15ರಂದು, ಅದೇ ಸರ್ಕಾರದ ಮುಖ್ಯಮಂತ್ರಿ ಯಡಿಯೂರಪ್ಪನವರು ಬೆಳಗಾವಿಯಲ್ಲಿ ತಮ್ಮ ಪಕ್ಷದ ವಿಧಾನ ಪರಿಷತ್ ಸದಸ್ಯರ ಮನೆಯ ಭಾರೀ ಮದುವೆಗೆ ಹೋಗಿ ಅಕ್ಷತೆ ಹಾಕಿ ಬಂದರು. ಆದೇಶ ನಮಗೆ. ಊಟ ಅವರಿಗೆ.

ಏಪ್ರಿಲ್ 17. ದೇಶಕ್ಕೆ ದೇಶವೇ ಬೀಗ ಹಾಕಿಕೊಂಡ ಕಾಲ. ಬಿಡದಿಯ ತೋಟದ ಮನೆಯಲ್ಲಿ ನಿಖಿಲ್ ಕುಮಾರಸ್ವಾಮಿಯವರ ಮದುವೆ. ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯಿಂದ ಹೊರಟು ಪ್ರಧಾನಿ ಪಟ್ಟದವರೆಗೆ ಹೋದ ಮನೆತನದ ಮೊಮ್ಮಗ. ಕುಟುಂಬದವರಷ್ಟೇ ಎಂದರು. ಫೋಟೋಗಳು ಊರೆಲ್ಲ ಹರಿದಾಡಿದವು. ಅವುಗಳಲ್ಲಿ ಮುಖಗಳು ಬಹಳ ಸ್ಪಷ್ಟವಾಗಿ ಕಾಣುತ್ತಿದ್ದವು, ಮುಚ್ಚುವಂಥದ್ದು ಏನೂ ಇರಲಿಲ್ಲ. ದೇಶವೆಲ್ಲ ಗದ್ದಲ ಎದ್ದಿತು. ಎದುರು ಪಕ್ಷದ ಮುಖ್ಯಮಂತ್ರಿ ಯಡಿಯೂರಪ್ಪನವರು ಮಾತ್ರ ಎಲ್ಲ ಸರಳವಾಗಿಯೇ ನಡೆದಿದೆ ಎಂದು ಬೆನ್ನಿಗೆ ನಿಂತರು. ಬೆಳಗಾವಿಯ ಊಟ ಇನ್ನೂ ಅರಗಿರಲಿಲ್ಲವೇನೋ.

ಅತ್ತ ಹಾಸನದ ಹಳ್ಳಿಗಳಲ್ಲಿ ಮದುವೆ ಗೊತ್ತಾದ ಮನೆಯವರು ತಹಶೀಲ್ದಾರರ ಕಚೇರಿ ಮುಂದೆ ಅನುಮತಿ ಪತ್ರಕ್ಕೆ ನಿಂತಿದ್ದರು. ಐವತ್ತು ಜನ ಎಂದರೆ ಯಾರನ್ನು ಬಿಡುವುದು? ಸೋದರಮಾವನನ್ನು ಬಿಟ್ಟರೆ ಹುಡುಗಿ ಮುನಿಸು, ದೊಡ್ಡಪ್ಪನನ್ನು ಬಿಟ್ಟರೆ ಜಮೀನಿನ ಜಗಳ. ಕೊನೆಗೆ ಚಾಪೆ ಕೆಳಗೆ ತೂರಿದ ಸರ್ಕಾರಕ್ಕೆ ಜನ ರಂಗೋಲಿ ಕೆಳಗೆ ತೂರಿ ತೋರಿಸಿದರು. ಮದುವೆಗೆ ಐವತ್ತು, ಬೀಗರ ಊಟಕ್ಕೆ ಇಡೀ ಹೋಬಳಿ. ಬೀಗರ ಊಟಕ್ಕೆ ಪ್ರತ್ಯೇಕ ಆದೇಶ ಇರಲಿಲ್ಲವಲ್ಲ!

ಜೂನ್ 18 ಬಂತು. ರಾಜ್ಯದಲ್ಲಿ ‘ಮಾಸ್ಕ್ ದಿನ’ ಆಚರಿಸಿದರು. ಹೌದು, ಮಕ್ಕಳ ದಿನ, ಶಿಕ್ಷಕರ ದಿನದ ಜೊತೆ ಮಾಸ್ಕಿಗೂ ಒಂದು ದಿನ. ಮುಖ್ಯಮಂತ್ರಿಗಳು, ಕ್ರಿಕೆಟಿಗರು, ಸಿನಿಮಾದವರು ವಿಧಾನಸೌಧದ ಕಡೆಯಿಂದ ಕಬ್ಬನ್ ಪಾರ್ಕಿನತ್ತ ನಡೆದರು. ಅಂತರ ಕಾಯ್ದುಕೊಳ್ಳಿ ಎಂದು ಸಾರಲು ಹೊರಟ ಮೆರವಣಿಗೆಯಲ್ಲಿ ಅಂತರವೊಂದನ್ನು ಬಿಟ್ಟು ಉಳಿದೆಲ್ಲ ಇತ್ತು. ಅದೇ ವಾರ ಹೂವಿನಹಡಗಲಿ ಕಡೆ ಕಾಂಗ್ರೆಸ್ಸಿನ ಮಾಜಿ ಸಚಿವರೊಬ್ಬರ ಮಗನ ಮದುವೆ. ಕಿಕ್ಕಿರಿದ ಜನ. ಬಂದ ಗಣ್ಯರಲ್ಲಿ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಮತ್ತು ರಾಜ್ಯದ ಆರೋಗ್ಯ ಸಚಿವ ಶ್ರೀರಾಮುಲು. ಆಗಸ್ಟಿನ ಮೊದಲ ಹತ್ತು ದಿನದೊಳಗೆ ಯಡಿಯೂರಪ್ಪ, ಸಿದ್ದರಾಮಯ್ಯ, ಶ್ರೀರಾಮುಲು ಮೂವರಿಗೂ ಕೊರೊನಾ ತಗುಲಿತು. ವೈರಸ್ಸಿಗೆ ಪಕ್ಷಭೇದವಿಲ್ಲ ಎಂದು ಆಗ ಗೊತ್ತಾಯಿತು. ಮಾಸ್ಕಿನ ವಿಷಯದಲ್ಲಿ ನಮ್ಮ ಮೂರೂ ಪಕ್ಷಗಳಿಗೆ ಭೇದವಿಲ್ಲ ಎಂದು ಮೊದಲೇ ಗೊತ್ತಿತ್ತು.

ಈ ನಡುವೆ ಮಾಸ್ಕ್ ಬೇಕು ಎಂದು ಬಾಯಿಬಿಟ್ಟು ಕೇಳಿದವರು ಒಂದೇ ಒಂದು ಗುಂಪು. ಆಶಾ ಕಾರ್ಯಕರ್ತೆಯರು. ಮನೆ ಮನೆ ತಿರುಗಿ ‘ಜ್ವರ ಇದೆಯಾ, ಕೆಮ್ಮು ಇದೆಯಾ’ ಎಂದು ಕೇಳಿದವರು. ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ, ರಕ್ಷಣಾ ಸಾಮಗ್ರಿ ಕೊಡಿ ಎಂದು ಜುಲೈ 10ರಿಂದ ಮುಷ್ಕರ ಕೂತರು. ಬೇಡ ಎಂದವರ ಮನೆಗೆ ಫೋಟೋಗ್ರಾಫರ್ ಸಮೇತ ಹೋಗಿ ಮಾಸ್ಕ್ ಹಂಚಿದ ನಾಡು, ಬೇಕು ಎಂದವರನ್ನು ಬೀದಿಯಲ್ಲಿ ಕೂರಿಸಿತು.

ಆ ಹಂಚಿಕೆಯ ಸಮಾರಂಭಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಒಂದು ಮಾಸ್ಕನ್ನು ಏಳು ಜನ ಹಿಡಿದುಕೊಳ್ಳುತ್ತಿದ್ದರು. ಪಡೆಯುವ ಮುದುಕಿ ಒಬ್ಬಳು. “ಅಜ್ಜಿ, ಸ್ವಲ್ಪ ಈ ಕಡೆ ನೋಡಿ.” ಫೋಟೋದವನು ಗಣ್ಯರತ್ತ ತಿರುಗಿ, “ಸಾರ್, ಮುಖ ಕಾಣ್ತಿಲ್ಲ, ಮಾಸ್ಕ್ ತೆಗೀರಿ.” ತೆಗೆಯುತ್ತಿದ್ದರು. ಮಾಸ್ಕ್ ಹಂಚುವುದಕ್ಕಾಗಿ ಮಾಸ್ಕ್ ತೆಗೆದ ಜನ ಇವರು. ಮರುದಿನದ ಪತ್ರಿಕೆಯಲ್ಲಿ ಏಳೂ ಮುಖ ನಗುತ್ತಿತ್ತು. ಅಜ್ಜಿ ಅರ್ಧ ಮಾತ್ರ ಬಂದಿದ್ದಳು.

ಆಮೇಲೆ ದಂಡದ ಪ್ರಹಸನ. 2020ರ ಸೆಪ್ಟೆಂಬರ್ ಕೊನೆಗೆ ಸರ್ಕಾರಕ್ಕೆ ಸಿಟ್ಟು ಬಂತು. ಮಾಸ್ಕ್ ಹಾಕದಿದ್ದರೆ ನಗರದಲ್ಲಿ 1000 ರೂಪಾಯಿ, ಗ್ರಾಮೀಣ ಭಾಗದಲ್ಲಿ 500. ಜನ ಗೊಣಗಿದರು. ಅಕ್ಟೋಬರ್ 7ಕ್ಕೆ ಸಿಟ್ಟು ಇಳಿಯಿತು. ನಗರದಲ್ಲಿ 250, ಹಳ್ಳಿಯಲ್ಲಿ 100. ಯಾವ ತಜ್ಞರ ವರದಿಯೂ ಬಂದಿರಲಿಲ್ಲ, ವೈರಸ್ಸು ಬಡವಾಗಿರಲಿಲ್ಲ. ಗಿರಾಕಿ ಅಂಗಡಿ ಬಿಟ್ಟು ಎರಡು ಹೆಜ್ಜೆ ನಡೆದ, ಸರ್ಕಾರ “ಬನ್ನಿ ಬನ್ನಿ, ಎಷ್ಟಕ್ಕೆ ಬೇಕು ಹೇಳಿ” ಎಂದಿತು. ಅಷ್ಟೇ.

ಆ ನೂರು ರೂಪಾಯಿ ಯಾರಿಂದ ಬಂತು ಎಂಬುದು ಎಲ್ಲರಿಗೂ ಗೊತ್ತು. ಸೊಪ್ಪು ಮಾರುವವಳಿಂದ ಬಂತು. ಆಟೋದವನಿಂದ ಬಂತು. ಆಲೂಗಡ್ಡೆ ಬೀಜಕ್ಕೆ ಹಾಸನಕ್ಕೆ ಬಂದ ಅರಕಲಗೂಡಿನ ರೈತನಿಂದ ಬಂತು. ಕಪ್ಪು ಗಾಜಿನ ಕಾರು ನಿಂತು, ಒಳಗಿನಿಂದ ಕೈ ಬಂದು, ರಸೀದಿ ತೆಗೆದುಕೊಂಡು ಹೋದದ್ದನ್ನು ಯಾರಾದರೂ ನೋಡಿದ್ದರೆ ಹೇಳಿ, ಆ ಪೊಲೀಸರಿಗೆ ನಾನೇ ಸನ್ಮಾನ ಮಾಡುತ್ತೇನೆ.

2021ರ ಜನವರಿ 17ರಂದು ಬೆಳಗಾವಿಯಲ್ಲಿ ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರ ಸಮಾವೇಶ. ಮಾಸ್ಕಿಲ್ಲದ ಮುಖಗಳ ಸಮುದ್ರ. ಎಫ್‌ಐಆರ್ ಯಾಕೆ ಹಾಕಲಿಲ್ಲ ಎಂದು ಹೈಕೋರ್ಟೇ ಪೊಲೀಸರನ್ನು ಕೇಳಬೇಕಾಯಿತು. ಸೊಪ್ಪಿನವಳ ವಿಷಯದಲ್ಲಿ ಯಾವ ಕೋರ್ಟೂ ಹೀಗೆ ನೆನಪಿಸಬೇಕಾಗಿ ಬರಲಿಲ್ಲ. ಅಲ್ಲಿ ಪೊಲೀಸರ ಕಣ್ಣು ತುಂಬಾ ಚುರುಕು.

ಕರ್ಫ್ಯೂ ಕಥೆ ಕೇಳಿ. 2020ರ ಡಿಸೆಂಬರ್ 22 ಮತ್ತು 27ಕ್ಕೆ ಗ್ರಾಮ ಪಂಚಾಯಿತಿ ಚುನಾವಣೆ. ಹಳ್ಳಿಗಳಲ್ಲಿ ಬಾಡೂಟ, ಗುಂಪು, ಕೈ ಕೈ ಹಿಡಿದು ಆಣೆ. ಎರಡು ಹಂತಗಳ ನಡುವೆ ಸರ್ಕಾರಕ್ಕೆ ರಾತ್ರಿ ಕರ್ಫ್ಯೂ ನೆನಪಾಯಿತು. ರಾತ್ರಿ 11ರಿಂದ ಬೆಳಿಗ್ಗೆ 5. ಹಗಲು ಹೊತ್ತು ಮತ ಕೇಳುವ ವೈರಸ್ಸು ರಾತ್ರಿ ಮಾತ್ರ ಕಚ್ಚುತ್ತದೆ ಎಂದು ಲೆಕ್ಕ. ಡಿಸೆಂಬರ್ 24ರ ರಾತ್ರಿ ಜಾರಿಯಾಗಬೇಕಿತ್ತು. ಅದೇ ದಿನ ವಾಪಸು ಪಡೆದರು. ಒಂದು ರಾತ್ರಿಯೂ ಬಾಳದೆ ಸತ್ತ ಕರ್ಫ್ಯೂ ಅದು.

ದೇವರ ವಿಷಯಕ್ಕೂ ಬರೋಣ. ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ತಾಯಿ. 2020ರ ನವೆಂಬರಿನಲ್ಲಿ ಸಾರ್ವಜನಿಕರಿಗೆ ನೇರ ದರ್ಶನವಿಲ್ಲ, ಪರದೆಯ ಮೇಲೆ ನೋಡಿ ಎಂದರು. ಒಪ್ಪೋಣ. ಸರಿಯಾದ ನಿರ್ಧಾರವೇ. ಆದರೆ ಗಣ್ಯರಿಗೆ ಪರದೆ ಸಾಲದು. ಅವರ ಭಕ್ತಿ ಮುಖಾಮುಖಿಯೇ ಆಗಬೇಕು. ರೋಗ ಹರಡುವುದು ಸಾಮಾನ್ಯರ ಉಸಿರಿನಿಂದ, ಗಣ್ಯರ ಉಸಿರು ತೀರ್ಥ.

2021ರ ಬೇಸಿಗೆಯಲ್ಲಿ ಲೆಕ್ಕ ಚುಕ್ತಾ ಆಯಿತು. ಏಪ್ರಿಲ್ ಕೊನೆಗೆ ಮತ್ತೆ ಬಾಗಿಲು ಹಾಕಿದರು. ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಆಮ್ಲಜನಕ ಸಾಲದೆ ಸಾಲು ಸಾಲು ಹೆಣ ಬಿದ್ದವು. ಹಾಸನದ ಜಿಲ್ಲಾಸ್ಪತ್ರೆಯ ಮುಂದೆ, ಹಿಂದಿನ ವರ್ಷ “ಎಲ್ಲೈತೆ ಕೊರೊನಾ” ಎಂದವರೇ ಹಾಸಿಗೆಗಾಗಿ ಪರಿಚಯದವರಿಗೆಲ್ಲ ಫೋನು ಹಚ್ಚಿ ನಿಂತಿದ್ದರು. ಜೂನ್ 14ಕ್ಕೆ ರಾಜ್ಯದ ಬಹುಭಾಗ ಬಾಗಿಲು ತೆರೆಯಿತು. ಸೋಂಕು ಇಳಿಯದ 11 ಜಿಲ್ಲೆಗಳಿಗೆ ಮಾತ್ರ ಬೀಗ ಮುಂದುವರಿಯಿತು. ಆ ಹನ್ನೊಂದರಲ್ಲಿ ಹಾಸನ ಒಂದು. ಒಂದು ವರ್ಷದ ಹಿಂದೆ ಮುಳ್ಳುಬೇಲಿ ಕಟ್ಟಿ ಬೀಗುತ್ತಿದ್ದ ಹಸಿರು ವಲಯ ನಾವು. ಈ ಸಲ ಬೇಲಿಯನ್ನು ಸರ್ಕಾರವೇ ಹಾಕಿತ್ತು. ನಾವು ಒಳಗಿದ್ದೆವು.

ಇಷ್ಟಾದ ಮೇಲೆ ಬುದ್ಧಿ ಬಂತೇ? 2022ರ ಜನವರಿ. ವಾರಾಂತ್ಯದ ಕರ್ಫ್ಯೂ. ಕಾಂಗ್ರೆಸ್ಸಿನವರು ಮೇಕೆದಾಟು ಪಾದಯಾತ್ರೆ ಹೊರಟರು. ಪರೀಕ್ಷೆಗೆ ಮಾದರಿ ಕೊಡಿ ಎಂದು ಬಂದ ಅಧಿಕಾರಿಗಳನ್ನು ಡಿ.ಕೆ. ಶಿವಕುಮಾರ್ ವಾಪಸು ಕಳಿಸಿದರು. ಯಾತ್ರೆಗೆ ಅನುಮತಿ ಕೊಟ್ಟವರು ಯಾರು ಎಂದು ಹೈಕೋರ್ಟು ಕೇಳಿದ ಮೇಲೆ ಅದು ನಿಂತಿತು. ಅದೇ ತಿಂಗಳು ಬಿಜೆಪಿಯ ಸಚಿವ ಉಮೇಶ ಕತ್ತಿ, ಮಾಸ್ಕ್ ಹಾಕುವುದು ಅವರವರ ಇಷ್ಟ, ನನಗೆ ಹಾಕಬೇಕು ಅನ್ನಿಸಲಿಲ್ಲ, ಹಾಕಲಿಲ್ಲ ಎಂಬರ್ಥದ ಮಾತಾಡಿದರು. ಆ ಎರಡು ವರ್ಷದಲ್ಲಿ ಅಧಿಕಾರದಲ್ಲಿದ್ದವರ ಬಾಯಿಂದ ಬಂದ ಏಕೈಕ ಪ್ರಾಮಾಣಿಕ ಮಾತು ಅದು.

2022ರ ಡಿಸೆಂಬರಿನಲ್ಲಿ ಸರ್ಕಾರಕ್ಕೆ ಮತ್ತೆ ಮಾಸ್ಕ್ ನೆನಪಾಯಿತು. ಹೊಸ ವರ್ಷಕ್ಕೆ ಬಾರು, ಪಬ್ಬುಗಳಲ್ಲಿ ಕಡ್ಡಾಯ. ಮೂಗು ಬಾಯಿ ಮುಚ್ಚಿಕೊಂಡು ಕುಡಿಯುವುದು ಹೇಗೆ ಎಂದು ಆದೇಶದಲ್ಲಿ ಹೇಳಿರಲಿಲ್ಲ. ಕೊನೆಗೂ ನಮ್ಮ ಹಾಸನದ ಗದ್ದದ ಪದ್ಧತಿಯೇ ಅಲ್ಲಿ ಕೆಲಸಕ್ಕೆ ಬಂದಿರಬೇಕು.

ಇದು ನಮ್ಮೊಬ್ಬರ ರೋಗವಲ್ಲ, ಹಳೆಯದು. 1910ರ ಚಳಿಗಾಲದಲ್ಲಿ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗು ಬಂದಾಗ ವು ಲಿಯೆನ್-ತೆ ಎಂಬ ತರುಣ ವೈದ್ಯ, ಇದು ಉಸಿರಿನಿಂದ ಹರಡುತ್ತದೆ, ಗಾಜ್ ಬಟ್ಟೆ ಕಟ್ಟಿಕೊಳ್ಳಿ ಎಂದ. ಮೆನಿ ಎಂಬ ಹಿರಿಯ ಫ್ರೆಂಚ್ ವೈದ್ಯನಿಗೆ ಚೀನೀ ಹುಡುಗನ ಮಾತು ಅವಮಾನವಾಯಿತು. ಮಾಸ್ಕಿಲ್ಲದೆ ರೋಗಿಗಳ ಬಳಿ ಹೋದ. 1911ರ ಜನವರಿಯಲ್ಲಿ ಪ್ಲೇಗಿನಿಂದಲೇ ಸತ್ತ. ದೊಡ್ಡಸ್ತಿಕೆಗೆ ಅಲ್ಲಿ ತಕ್ಷಣ ಬೆಲೆ ತೆರಬೇಕಾಯಿತು. ಇಲ್ಲಿ ದೊಡ್ಡವರ ದೊಡ್ಡಸ್ತಿಕೆಗೆ ಬೇರೆಯವರು ಬೆಲೆ ತೆತ್ತರು.

ಈಗ ಎಲ್ಲ ಮರೆತಾಗಿದೆ. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸುದ್ದಿಗಳು ಸಾಲಾಗಿ ಬಂದಾಗ ಜನ ಹೆದರಿ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೊರೊನಾ ಲಸಿಕೆಯತ್ತ ಬೊಟ್ಟು ಮಾಡಿದರು. ಅವರದೇ ಸರ್ಕಾರ ಕೂರಿಸಿದ ತಜ್ಞರ ಸಮಿತಿ, ಲಸಿಕೆಗೂ ಇದಕ್ಕೂ ನಂಟಿಲ್ಲ, ಹೊಗೆಸೊಪ್ಪು, ಕುಡಿತ, ಸಕ್ಕರೆ, ರಕ್ತದೊತ್ತಡ ನೋಡಿಕೊಳ್ಳಿ ಎಂದಿತು. ಜನಕ್ಕೆ ನಿರಾಸೆ. ತಪ್ಪು ಲಸಿಕೆಯದ್ದೋ ಬಾಂಬೆಯದ್ದೋ ಆದರೆ ಎಷ್ಟು ಹಾಯಾಗಿರುತ್ತಿತ್ತು. ತನ್ನದೇ ಆದರೆ ಏನಾದರೂ ಮಾಡಬೇಕಾಗುತ್ತದೆ.

ಮತ್ತೊಂದು ರೋಗ ಬಂದೇ ಬರುತ್ತದೆ. ಆಗ ಮಾಸ್ಕ್ ದಿನ ಬೇಡ, ನಡಿಗೆ ಬೇಡ, ಏಳು ಜನ ಹಿಡಿಯುವ ಮಾಸ್ಕ್ ಬೇಡ. ರಸೀದಿ ಪುಸ್ತಕವನ್ನು ಮೊದಲು ವಿಧಾನಸೌಧದ ಮೆಟ್ಟಿಲ ಮೇಲೆ ಬಿಚ್ಚಿ. ಮಂತ್ರಿಯ ಹೆಸರಿಗೆ ಒಂದು ಹಾಳೆ ಹರಿಯಿರಿ, ವಿರೋಧ ಪಕ್ಷದವರಿಗೆ ಇನ್ನೊಂದು, ತೋಟದ ಮನೆ ಮದುವೆಯವರಿಗೆ ಮತ್ತೊಂದು. ಅದಾದ ಮೇಲೆ ಹಾಳೆ ಉಳಿದಿದ್ದರೆ ಕಟ್ಟಿನಕೆರೆಯ ಸೊಪ್ಪಿನವಳ ಹತ್ತಿರ ಬನ್ನಿ. ಅಷ್ಟು ಹೊತ್ತಿಗೆ ಅವಳು ಸೆರಗನ್ನಾದರೂ ಮೂಗಿಗೆ ಕಟ್ಟಿಕೊಂಡಿರುತ್ತಾಳೆ, ದಂಡ ಕೇಳುವ ನಿಮ್ಮ ಮಾಸ್ಕ್ ಎಲ್ಲಿದೆ ಎಂದೂ ಕೇಳುತ್ತಾಳೆ. ಉತ್ತರ ಸಿದ್ಧವಾಗಿಟ್ಟುಕೊಳ್ಳಿ.